ಪಿಕಾಚುವಿಗೆ ಮಾತು ಕೊಡಬೇಡಿ

ಕಳೆದ ತಿಂಗಳು ನಮ್ಮೂರಿನಲ್ಲಿ ಮಕ್ಕಳ ಪದ್ಯಗಳ ಪುಸ್ತಕವೊಂದರ ಬಿಡುಗಡೆಯಾಯಿತು. ಅಧ್ಯಕ್ಷತೆ ವಹಿಸಿದ್ದವರು ಎಂ.ಎ. ತರಗತಿಯಲ್ಲಿ ನನಗೆ ಕಾವ್ಯಮೀಮಾಂಸೆ ಕಲಿಸಿದ ಗುರುಗಳು. ವೇದಿಕೆಯ ಮೇಲೆ ಎಷ್ಟು ಮಾತೋ ಮನೆಯಲ್ಲಿ ಅಷ್ಟು ಮೌನ. ನಾವು ಪ್ರಬಂಧ ಬರೆದುಕೊಂಡು ಅವರ ಮನೆಗೆ ಹೋದರೆ ಇಪ್ಪತ್ತು ಪುಟವನ್ನೂ ಓದಿ, ಕನ್ನಡಕ ತೆಗೆದು ಮಡಿಸಿ, "ಹೂಂ" ಎನ್ನುತ್ತಿದ್ದರು. ಅಷ್ಟೆ. ಅದು ಮೆಚ್ಚಿದ ಹೂಂ ಹೌದೊ, ತಿದ್ದಿ ತಾ ಎಂಬ ಹೂಂ ಹೌದೊ, ಇದನ್ನು ಒಲೆಗೆ ಹಾಕು ಎಂಬ ಹೂಂ ಹೌದೊ ಎಂದು ತಿಳಿಯುವುದಕ್ಕೆ ನಮಗೆ ಒಂದು ವರ್ಷ ಹಿಡಿಯಿತು. ತಿಳಿದ ಮೇಲೆ ಯಾರೂ ತಪ್ಪಲಿಲ್ಲ.

ಗುರುಗಳು ಅಂದಿನ ಭಾಷಣದಲ್ಲಿ ಮಕ್ಕಳ ಭಾಷೆ ಕೆಡುತ್ತಿರುವ ವಿಷಯವನ್ನೆತ್ತಿದರು. "ನಮ್ಮ ಮಕ್ಕಳ ಮುಂದೆ ಈಗ ಏನಿದೆ? ಒಂದು ಹಳದಿ ಇಲಿ. ಅದಕ್ಕೆ ಬರುವುದು ತನ್ನ ಹೆಸರೊಂದೇ. ಅದನ್ನೇ ತುಂಡುಮಾಡಿ ಹಿಂದುಮುಂದಾಗಿ ಕಿರುಚುತ್ತದೆ. ಮಾತೇ ಇಲ್ಲದ ಪ್ರಾಣಿಯ ಸಹವಾಸದಲ್ಲಿ ಬೆಳೆದ ಮಗುವಿಗೆ ನಾಳೆ ಪಂಪನನ್ನು ಹೇಗೆ ಓದಿಸುತ್ತೀರಿ?" ಎಂದರು. ಸಭೆ ನಕ್ಕಿತು. ಮುಂದಿನ ಸಾಲಿನಲ್ಲಿದ್ದ ನಾನೂ ನಕ್ಕೆ.

ಆಮೇಲೆ ಕಾಫಿ ಕುಡಿಯುವಾಗ ನಮ್ಮ ಕಾಲೇಜಿನ ಕಿರಿಯ ಮಿತ್ರರೊಬ್ಬರು ಹತ್ತಿರ ಬಂದು, "ನಿಮ್ಮ ಮೇಷ್ಟ್ರು ಹಿಂದುಳಿದುಬಿಟ್ಟಿದ್ದಾರೆ ಸಾರ್. ಪಿಕಾಚು ಈಗ ಮಾತಾಡುತ್ತೆ. 2019ರಲ್ಲೇ ಹಾಲಿವುಡ್ ಸಿನಿಮಾದಲ್ಲಿ ಮಾತಾಡಿತು. ಎಷ್ಟು ಬೆಳೆದಿದೆ ಗೊತ್ತೆ ಆ ಪಾತ್ರ!" ಎಂದರು. ಗುರುಗಳ ಮಾತನ್ನು ನಾನು ಸಹಿಸಿದ್ದೆ. ಇದನ್ನು ಸಹಿಸಲಾರದೆ ಹೋದೆ. ಒಬ್ಬರು ಅದಕ್ಕೆ ಮಾತಿಲ್ಲವೆಂದು ತಳ್ಳುತ್ತಾರೆ, ಇನ್ನೊಬ್ಬರು ಅದಕ್ಕೆ ಮಾತು ಬಂತೆಂದು ಎತ್ತಿಕೊಳ್ಳುತ್ತಾರೆ. ಇಬ್ಬರಿಗೂ ಮಾತಿಲ್ಲದಿರುವುದು ಒಂದು ಊನ. ಊನವಲ್ಲ, ಆ ಪ್ರಾಣಿಯ ಸರ್ವಸ್ವವೇ ಅದು ಎಂದು ನಾನು ಹೇಳಹೊರಟಿದ್ದೇನೆ. ಕನ್ನಡದ ಮೇಷ್ಟ್ರಿಗೆ ಈ ಉಸಾಬರಿ ಏಕೆಂದು ಕೇಳುವವರು ಸ್ವಲ್ಪ ತಾಳ್ಮೆ ತಂದುಕೊಳ್ಳಬೇಕು. ಇದು ನನ್ನ ವೃತ್ತಿಯೊಳಗಿನ ವಿಷಯವೇ.

ಮೊದಲು ಜಾತಕ. 1996ರ ಫೆಬ್ರವರಿ 27ರಂದು ಜಪಾನಿನಲ್ಲಿ ನಿಂಟೆಂಡೊ ಕಂಪನಿ ತನ್ನ ಅಂಗೈಯಗಲದ ಗೇಮ್ ಬಾಯ್ ಯಂತ್ರಕ್ಕೆಂದು 'ಪಾಕೆಟ್ ಮಾನ್‌ಸ್ಟರ್ಸ್' ಎಂಬ ಆಟವನ್ನು ಕೆಂಪು, ಹಸಿರು ಎಂಬ ಎರಡು ಪಾಠಗಳಲ್ಲಿ ಬಿಡುಗಡೆ ಮಾಡಿತು. ಜೇಬಿನ ರಾಕ್ಷಸರು ಎಂದರ್ಥ. ಕಟ್ಟಿದವರು ಸತೋಶಿ ತಜಿರಿ ಮತ್ತು ಅವರ ಗೇಮ್ ಫ್ರೀಕ್ ಸಂಸ್ಥೆಯವರು. ಅದರಲ್ಲಿ 151 ರಾಕ್ಷಸರು, ಇಪ್ಪತ್ತೈದನೆಯವನು ನಮ್ಮವನು. ಚಿತ್ರ ಬರೆದಾಕೆ ಅತ್ಸುಕೊ ನಿಶಿದಾ. ಮೊದಲು ಅದು ಇಲಿಯೇ ಆಗಿರಲಿಲ್ಲವಂತೆ. ಅಕ್ಕಿಹಿಟ್ಟಿನಿಂದ ಮಾಡುವ ದೈಫುಕು ಎಂಬ ಜಪಾನೀ ಸಿಹಿತಿಂಡಿಗೆ ಕಿವಿ ಮೂಡಿದಂತೆ ಇತ್ತಂತೆ. ಅಳಿಲು ಕೆನ್ನೆಯಲ್ಲಿ ಕಾಳು ತುಂಬಿಕೊಳ್ಳುವುದು ಆಕೆಗೆ ಇಷ್ಟವಾದ್ದರಿಂದ ಇದು ಕೆನ್ನೆಯಲ್ಲಿ ವಿದ್ಯುತ್ತನ್ನು ತುಂಬಿಕೊಂಡಿತು. ಇದನ್ನೆಲ್ಲ ಆಕೆಯೇ 2018ರಲ್ಲಿ ಪತ್ರಿಕೆಯೊಂದಕ್ಕೆ ಹೇಳಿದ್ದಾರೆ.

ಹೆಸರನ್ನು ಗಮನಿಸಿ. ಜಪಾನೀ ಭಾಷೆಯಲ್ಲಿ 'ಪಿಕಾ' ಎಂದರೆ ಫಳ್ಳೆಂದು ಹೊಳೆಯುವುದು. 'ಚು' ಎಂಬುದು ಇಲಿಯ ಚಿಂವ್. ಎರಡೂ ನಮ್ಮ ವ್ಯಾಕರಣ ಅನುಕರಣಾವ್ಯಯ ಎಂದು ಕರೆಯುವ ಜಾತಿಯವು: ಫಳಫಳ, ಮಿಣಮಿಣ, ಗುಡುಗುಡು, ಧಗಧಗ. ಇದು ವಿಕಾಸಗೊಂಡರೆ ಆಗುವುದು ರಾಯ್‌ಚು. 'ರಾಯ್' ಎಂದರೆ ಸಿಡಿಲು. ಅದಕ್ಕೂ ಮುಂದೆ ಕೋರೆಹಲ್ಲು, ಕೊಂಬುಗಳ 'ಗೊರೊಚು' ಎಂಬ ಮೂರನೆಯ ಅವಸ್ಥೆಯೊಂದನ್ನು ಯೋಚಿಸಿ ಆಮೇಲೆ ಕೈಬಿಟ್ಟರು. 'ಗೊರೊಗೊರೊ' ಅವರ ಗುಡುಗುಡು. ಮಿಂಚು, ಸಿಡಿಲು, ಗುಡುಗು. ಅನುಕರಣಪದಗಳಿಗೆ ಅರ್ಥ ಹೇಳಲು ಹೊರಟ ಯಾವ ಮೇಷ್ಟ್ರೂ ಗೆದ್ದಿಲ್ಲ. 'ಧಗಧಗ' ಎಂದರೇನು ಎಂದು ಹುಡುಗ ಕೇಳಿದರೆ ಕೈಯಾಡಿಸಿ ತೋರಿಸಬೇಕೇ ಹೊರತು ನಿಘಂಟು ಸಹಾಯಕ್ಕೆ ಬಾರದು. ತನ್ನ ಹೆಸರನ್ನಷ್ಟೇ ನುಡಿಯುವ ಈ ಪ್ರಾಣಿ ಬರಿಯ ನಾಮಪದವನ್ನು ನುಡಿಯುತ್ತಿಲ್ಲ. ಅರ್ಥಕ್ಕಿಂತ ಹಿಂದಿನ, ಶಬ್ದವೇ ಅರ್ಥವಾಗಿದ್ದ ಅವಸ್ಥೆಯ ಎರಡು ತುಣುಕುಗಳನ್ನು ನುಡಿಯುತ್ತಿದೆ.

ಆ ಮೊದಲ ಆಟದಲ್ಲಿ ಅದು ಮುಖ್ಯಪಾತ್ರವಾಗಿರಲಿಲ್ಲ. ತೋಕಿವಾ ಎಂಬ ಕಾಡಿನಲ್ಲಿ ಅಪರೂಪಕ್ಕೊಮ್ಮೆ ಹುಲ್ಲಿನೊಳಗಿಂದ ಹೊರಬರುತ್ತಿತ್ತು. ಬಣ್ಣವಿಲ್ಲದ ಪರದೆಯ ಮೇಲೆ ನಾಲ್ಕು ಛಾಯೆಗಳಲ್ಲಿ ಮೂಡಿದ ದುಂಡುಹೊಟ್ಟೆಯ ಆಕೃತಿ. ಕೂಗು ಯಂತ್ರದ ಒಂದು ಕಿರಿಕಿರಿ, ಅಷ್ಟೆ. ಅದಕ್ಕೆ ಜೀವ ಬಂದದ್ದು ದೂರದರ್ಶನದಲ್ಲಿ. 1997ರ ಏಪ್ರಿಲ್ 1ರಂದು ಅನಿಮೇಷನ್ ಧಾರಾವಾಹಿ ಆರಂಭವಾಯಿತು. ಸತೋಶಿ ಎಂಬ ಹತ್ತು ವರ್ಷದ ಹುಡುಗನಿಗೆ — ನಮ್ಮ ಮಕ್ಕಳಿಗೆ ಅವನು ಆ್ಯಶ್ — ಪಿಕಾಚು ಸಿಕ್ಕುತ್ತದೆ. ಸಿಕ್ಕುತ್ತದೆ, ಒಲಿಯುವುದಿಲ್ಲ. ರಾಕ್ಷಸರನ್ನು ಇಟ್ಟುಕೊಳ್ಳುವ ಚೆಂಡಿನೊಳಗೆ ಹೋಗಲು ಒಪ್ಪುವುದಿಲ್ಲ. ಹುಡುಗ ರಬ್ಬರಿನ ಕೈಗವಸು ತೊಟ್ಟು ಹಗ್ಗ ಕಟ್ಟಿ ಎಳೆದುಕೊಂಡು ಹೋಗುತ್ತಾನೆ. ಕಡೆಗೆ ಮಳೆಯಲ್ಲಿ ಸಿಟ್ಟಿಗೆದ್ದ ಹಕ್ಕಿಗಳ ಹಿಂಡು ಮೇಲೆ ಬೀಳುವಾಗ, ನೆಲಕ್ಕೆ ಬಿದ್ದ ಪಿಕಾಚುವಿಗೂ ಹಿಂಡಿಗೂ ನಡುವೆ ಅವನು ಕೈಚಾಚಿ ನಿಲ್ಲುತ್ತಾನೆ. ಅದು ಅವನ ಬೆನ್ನೇರಿ, ಹೆಗಲಿನಿಂದ ಹಾರಿ, ಸಿಡಿಲನ್ನು ಕರೆಯುತ್ತದೆ. ಆಮೇಲೆ ಇಬ್ಬರೂ ಕೆಸರಿನಲ್ಲಿ ಬಿದ್ದು ಒಬ್ಬರ ಮುಖವನ್ನೊಬ್ಬರು ನೋಡುತ್ತಾರೆ. ಕ್ಷಮಿಸು ಎಂದಾಗಲಿ ನಂಬಿದೆ ಎಂದಾಗಲಿ ಯಾರೂ ಪಿಕಾಚುವಿನಿಂದ ಹೇಳಿಸಲಿಲ್ಲ. ಇಪ್ಪತ್ತು ನಿಮಿಷದ ಮಕ್ಕಳ ಕಥೆಯಲ್ಲಿ ಇಷ್ಟು ಸಂಯಮವಿದ್ದರೆ ದೊಡ್ಡವರ ಕಥೆ ಬರೆಯುವ ನಾವು ನಾಲ್ವರಿಗೆ ಪಾಠವಾದೀತು.

ಈ ಸಂಯಮ ದಕ್ಕಿದ್ದು ಇಕುಎ ಒತಾನಿ ಎಂಬ ನಟಿಯ ಕಂಠದಿಂದ. ಆಕೆಗೆ ಕೊಟ್ಟದ್ದು ಮೂರು ಅಕ್ಷರ. ಆ ಮೂರರಲ್ಲಿ ಆಕೆ ಬೇಡುತ್ತಾಳೆ, ಬೈಯುತ್ತಾಳೆ, ಮುನಿಯುತ್ತಾಳೆ, ಸುಳ್ಳು ಹೇಳಿ ಸಿಕ್ಕಿಬೀಳುತ್ತಾಳೆ, ನಿದ್ದೆಗಣ್ಣಿನಲ್ಲಿ ಹೂಂಗುಟ್ಟುತ್ತಾಳೆ. 'ಪಿಕಾಪಿ' ಎಂದರೆ ಸತೋಶಿ. ಅವನೊಬ್ಬನನ್ನೇ ಹಾಗೆ ಕರೆಯುವುದು. ಇದನ್ನು ಯಾರೂ ಮಕ್ಕಳಿಗೆ ಹೇಳಿಕೊಡಲಿಲ್ಲ. ಮಕ್ಕಳೇ ಕಿವಿಯಿಂದ ಕಂಡುಕೊಂಡರು. ಇನ್ನೊಂದು ವಿಶೇಷವಿದೆ. ಧಾರಾವಾಹಿ ಇಂಗ್ಲಿಷಿಗೆ ಹೋದಾಗ ಹುಡುಗನ ಹೆಸರು ಬದಲಾಯಿತು, ಗೆಳತಿಯ ಹೆಸರು ಬದಲಾಯಿತು, ಬಹುಪಾಲು ರಾಕ್ಷಸರ ಹೆಸರೂ ಅವರೊಡನೆ ಕಂಠವೂ ಬದಲಾದವು. ಪಿಕಾಚುವಿನ ಹೆಸರು ಉಳಿಯಿತು; ಹೆಸರು ಉಳಿದದ್ದರಿಂದ ಒತಾನಿಯ ಕಂಠವೂ ಉಳಿಯಿತು. ಆ ಇಂಗ್ಲಿಷಿನಿಂದಲೇ ಹಿಂದಿಗೆ ಬಂದಾಗಲೂ ಉಳಿಯಿತು. ಮನುಷ್ಯರ ಮಾತೆಲ್ಲ ಅನುವಾದವಾದ ಕಥೆಯಲ್ಲಿ ಇದರ ಮಾತು ಮೂಲದಲ್ಲೇ ಕೇಳಿಸಿತು.

ಇಲ್ಲಿ ನನ್ನದೊಂದು ತಪ್ಪೊಪ್ಪಿಗೆ ಬರಬೇಕು.

2003ರಲ್ಲಿ ಈ ಧಾರಾವಾಹಿ ಭಾರತದ ಕಾರ್ಟೂನ್ ನೆಟ್‌ವರ್ಕ್ ವಾಹಿನಿಗೆ ಬಂತು. ನಾನು ಆಗತಾನೆ ಎಂ.ಎ. ಮುಗಿಸಿ, ಅಧ್ಯಾಪಕನಾಗುವ ಮೊದಲಿನ ಬಿಡುವಿನಲ್ಲಿ, ಸಣ್ಣ ಊರೊಂದರಲ್ಲಿದ್ದ ಅಕ್ಕನ ಮನೆಯಲ್ಲಿದ್ದೆ. ಅಕ್ಕನ ಮಗನಿಗೆ ಏಳು ವರ್ಷ. ಸರ್ಕಾರಿ ಶಾಲೆ, ಕನ್ನಡ ಬಿಟ್ಟು ಬೇರೆ ಗೊತ್ತಿಲ್ಲ. ಮಕ್ಕಳಿಗೆಂದೇ ಕನ್ನಡದ ವಾಹಿನಿ ಆಗ ಇರಲಿಲ್ಲ. ಚಿಂಟು ಬಂದದ್ದು 2009ರಲ್ಲಿ. ಆ ಊರಿನ ಕೇಬಲ್ಲಿನಲ್ಲಿ ಪೊಕೆಮಾನ್ ಬರುತ್ತಿದ್ದದ್ದು ಹಿಂದಿಯಲ್ಲಿ. ಹುಡುಗ ದಿನವೂ ಸಂಜೆ ಗೋಡೆಗೊರಗಿ ಕುಳಿತು, ಗೊತ್ತಿಲ್ಲದ ಭಾಷೆಯನ್ನು ಬಾಯಿಬಿಟ್ಟುಕೊಂಡು ನೋಡುತ್ತಿದ್ದ. ನನಗೆ ಹೊಟ್ಟೆಯುರಿಯುತ್ತಿತ್ತು. ಕನ್ನಡದ ಪದವಿ ಹೊಸದು. ಅಭಿಮಾನಕ್ಕೂ ಅಷ್ಟೇ ಹೊಸ ಹರಿತ.

ಒಂದು ಸಂಜೆಯ ಕಥೆಯಲ್ಲಿ ಆ್ಯಶ್ ಕಾಡಿನಲ್ಲಿ ಪಿಕಾಚುಗಳ ಒಂದು ದೊಡ್ಡ ಹಿಂಡನ್ನು ಕಾಣುತ್ತಾನೆ. ತನ್ನ ಪಿಕಾಚು ತನ್ನವರ ನಡುವೆಯೇ ಇರಲಿ ಎಂದು ತೀರ್ಮಾನಿಸಿ ಬಿಟ್ಟು ಓಡುತ್ತಾನೆ. ಅದು ಹಿಂದಿನಿಂದ ಕೂಗುತ್ತದೆ. ನಾನು ಪತ್ರಿಕೆ ಓದುತ್ತಿದ್ದೆ. ಹುಡುಗ ತಿರುಗದೆಯೇ, "ಮಾಮ, ಅದಕ್ಕೆ ಬೇಡವಂತೆ. ಅವನ ಜೊತೆಗೇ ಬರ್ತೀನಿ ಅಂತಿದೆ" ಎಂದ.

"ನಿಂಗೆ ಹಿಂದಿ ಯಾವಾಗ ಬಂತೋ?" ಎಂದೆ ವ್ಯಂಗ್ಯವಾಗಿ.

"ಇದು ಹಿಂದಿ ಅಲ್ವಲ್ಲ ಮಾಮ" ಎಂದ.

ಆ ಉತ್ತರಕ್ಕೆ ನಾನು ಮಾಡಿದ್ದೇನು? ಎದ್ದು ಹೋಗಿ ಟೀವಿ ಆರಿಸಿದೆ. "ಸಾಕು, ಮಗ್ಗಿ ಪುಸ್ತಕ ತಗೋ" ಎಂದೆ. ಅವನು ಮಗ್ಗಿ ಪುಸ್ತಕ ತಂದ. ಆ ರಾತ್ರಿ ನನ್ನ ಪಕ್ಕದಲ್ಲಿ ಊಟಕ್ಕೆ ಕೂರಲಿಲ್ಲ. ಪಿಕಾಚು ಮರಳಿ ಬಂತೋ ಇಲ್ಲವೋ ಎಂದು ತಿಳಿಯಲು ಅವನು ಮರುದಿನ ಸಂಜೆಯವರೆಗೆ ಕಾಯಬೇಕಾಯಿತು. ಏಳು ವರ್ಷದವನಿಗೆ ಅದು ಎಷ್ಟು ಉದ್ದವೆಂಬುದನ್ನು ನಾನು ಆಗ ಯೋಚಿಸಲಿಲ್ಲ.

ಅದೇ ವರ್ಷ ಕಾಲೇಜಿನಲ್ಲಿ ನನಗೆ ಕಾವ್ಯಮೀಮಾಂಸೆಯ ಪಾಠ ಬಂತು. 'ಕಾಕು' ಎಂಬ ಪ್ರಕರಣ. ಒಂದೇ ಮಾತು ಕಂಠದ ಏರಿಳಿತದಿಂದ ಬೇರೆ ಅರ್ಥ ಕೊಡುವುದೇ ಕಾಕು. ಭರತನ ನಾಟ್ಯಶಾಸ್ತ್ರದಲ್ಲಿ ಇದರ ವಿಚಾರವಿದೆ. ರುದ್ರಟ ಇದನ್ನು ಅಲಂಕಾರದೊಳಗೆ ಸೇರಿಸಿದ. ರಾಜಶೇಖರ ಒಪ್ಪಲಿಲ್ಲ, ಕಾಕು ಓದುವವನ ಕಂಠದ ಧರ್ಮ, ಅದು ಅಲಂಕಾರ ಹೇಗಾದೀತು ಎಂದು ವಾದಿಸಿದ. ಆಲಂಕಾರಿಕರು ಕೊಡುವ ಉದಾಹರಣೆ ವೇಣೀಸಂಹಾರದ ಭೀಮನದು: ಸಂಧಿಯ ಸುದ್ದಿ ಕೇಳಿ ಅವನಾಡುವ ಮಾತಿನ ಅಕ್ಷರಾರ್ಥ ಕೌರವರನ್ನು ಕೊಲ್ಲುವುದಿಲ್ಲವೆಂದು, ಕಂಠ ಸೇರಿದೊಡನೆ ಕೊಂದೇ ತೀರುತ್ತೇನೆಂದು. ನಾನು ಇದನ್ನು ಕರಿಹಲಗೆಯ ಮೇಲೆ ಬರೆದು, ಬರೆಸಿ, ಪರೀಕ್ಷೆಯಲ್ಲಿ ಕೇಳಿದೆ. ಎಲ್ಲರೂ ಲಕ್ಷಣವನ್ನು ತಪ್ಪಿಲ್ಲದೆ ಬರೆದರು. ಯಾರಿಗೂ ಅರ್ಥವಾಗಿರಲಿಲ್ಲ. ಲಕ್ಷಣ ಒಪ್ಪಿಸಲಾರದ ಹುಡುಗನೊಬ್ಬನಿಗೆ ಅರ್ಥವಾಗಿತ್ತು. ಅವನ ಟೀವಿಯನ್ನು ನಾನು ಆರಿಸಿದ್ದೆ.

ಗುರುಗಳೇ, ಮಾತಿಲ್ಲದ ಪ್ರಾಣಿಯ ಸಹವಾಸದಲ್ಲಿ ಬೆಳೆದ ಮಗು ಪಂಪನನ್ನು ಓದಲಾರದೆಂದು ಹೇಳಿದಿರಿ. ಪಂಪನನ್ನು ಕಂಠವಿಲ್ಲದೆ ಓದಿಸಿದವರು ಯಾರು? ಗಮಕಿಗಳ ಕೈಯಿಂದ ಕಾವ್ಯವನ್ನು ತೆಗೆದು ಪ್ರಶ್ನೆಪತ್ರಿಕೆಯ ಕೈಗೆ ಕೊಟ್ಟವರು ನಾವೇ ಅಲ್ಲವೆ? ಅಕ್ಷರ ಒಂದೇ ಆದರೂ ಅರ್ಥ ಹತ್ತಾಗಬಲ್ಲದೆಂಬ ಅರಿವು ಕಿವಿಯಲ್ಲಿ ಮೂಡಿದ ಮಗು ನಮ್ಮ ತರಗತಿಗೆ ಬಂದರೆ ಅದು ನಮ್ಮ ಭಾಗ್ಯ. ಆ ಅರಿವನ್ನು ಅಳಿಸಿ ಕಳಿಸುವ ಕೆಲಸವನ್ನು ಹಳದಿ ಇಲಿಯ ತಲೆಗೆ ಕಟ್ಟಬಾರದು.

ಕಂಠವೇ ಇಲ್ಲದ ಕಾಗದದ ಮೇಲೆ ಇದು ಹೇಗೆ ಉಳಿಯಿತು ಎಂಬುದು ಸೊಗಸಾದ ಪ್ರಶ್ನೆ. ಜಪಾನಿನ ಕಾಮಿಕ್ಸುಗಳಲ್ಲಿ ಶಬ್ದವನ್ನು ಅಚ್ಚಿನ ಮೊಳೆಯಿಂದ ಜೋಡಿಸದೆ ಕೈಯಿಂದಲೇ ಚಿತ್ರದಂತೆ ಬರೆಯುವ ವಾಡಿಕೆ ಇದೆ. ಅಕ್ಷರ ದಪ್ಪವಾಗುತ್ತದೆ, ನಡುಗುತ್ತದೆ, ಮೂಲೆಗೆ ಸರಿಯುತ್ತದೆ. ಕಿವಿಯ ಕಾಕು ಅಲ್ಲಿ ಕಣ್ಣಿನ ಕಾಕು. ತೋಶಿಹಿರೊ ಓನೊ ಅವರ 'ದೆಂಗೆಕಿ! ಪಿಕಾಚು' 1997ರಲ್ಲಿ ಆರಂಭವಾದದ್ದು ಇಂಥದು. ಅದೇ ವರ್ಷ ಹಿದೆನೊರಿ ಕುಸಾಕಾ ಬರೆದು ಮಾತೊ ಚಿತ್ರಿಸಿದ ಇನ್ನೊಂದು ಮಾಲೆ ಹೊರಟಿತು. ನನ್ನ ದೃಷ್ಟಿಯಲ್ಲಿ ಇದು ಹೆಚ್ಚಿನದು. ಅದರಲ್ಲಿ ಯೆಲ್ಲೋ ಎಂಬ ಹುಡುಗಿ ಬರುತ್ತಾಳೆ, ತೋಕಿವಾ ಕಾಡಿನವಳು. ಅವಳು ರಾಕ್ಷಸನ ಮೈಮೇಲೆ ಕೈಯಿಟ್ಟರೆ ಅದರ ಮನಸ್ಸು ಅವಳಿಗೆ ತಿಳಿಯುತ್ತದೆ. ಕಾಣೆಯಾದ ಯಜಮಾನನನ್ನು ಹುಡುಕುವ ಪಿಕಾಚುವಿನ ಕಥೆ ಅವಳಿಗೆ ತಿಳಿಯುವುದು ಹೀಗೆ. ಕಥೆಗಾರನಿಗೆ ಎಷ್ಟು ಸುಲಭವಿತ್ತು ನೋಡಿ: ಒಂದು ಮಾತಿನ ಗುಳ್ಳೆ ಬರೆದು ಅದರ ಬಾಲವನ್ನು ಪಿಕಾಚುವಿನ ಬಾಯಿಗೆ ತಿರುಗಿಸಿದ್ದರೆ ಆಗಿಹೋಗುತ್ತಿತ್ತು. ಅವನು ಹಾಗೆ ಮಾಡದೆ ಒಂದು ಕೈಯನ್ನು ಬರೆಸಿದ.

ಆಟವೂ ಈ ಮರ್ಯಾದೆಯನ್ನು ಕಲಿತುಕೊಂಡಿತು. 1998ರಲ್ಲಿ ಬಂದ ಹಳದಿ ಪಾಠದಲ್ಲಿ ಪಿಕಾಚು ಚೆಂಡಿನೊಳಗೆ ಇರದೆ ಆಟಗಾರನ ಹಿಂದೆಯೇ ನಡೆದುಬರುತ್ತದೆ. ಒತಾನಿಯ ಕಂಠವನ್ನು ಆ ಬಡ ಯಂತ್ರದೊಳಗೂ ಹೇಗೋ ತುರುಕಿದರು. ತಿರುಗಿ ನಿಂತು ಮಾತಾಡಿಸಿದರೆ ಒಂದು ಚೌಕದಲ್ಲಿ ಅದರ ಮುಖ ಕಾಣುತ್ತದೆ, ಆ ಹೊತ್ತಿನ ಮನಸ್ಸಿನಂತೆ. ಸಿಡಿಲುಕಲ್ಲು ಕೊಟ್ಟು ಅದನ್ನು ರಾಯ್‌ಚುವಾಗಿ ಬೆಳೆಸಲು ಹೋದರೆ ಒಲ್ಲೆನೆನ್ನುತ್ತದೆ. ಧಾರಾವಾಹಿಯ ಹದಿನಾಲ್ಕನೆಯ ಸಂಚಿಕೆಯಲ್ಲಿ ರಾಯ್‌ಚುವಿನೆದುರು ಸೋತು ಆಸ್ಪತ್ರೆಯಲ್ಲಿದ್ದಾಗ ಅದು ಇದೇ ಕಲ್ಲನ್ನು ಬಾಲದಿಂದ ಹೊಡೆದು ಉರುಳಿಸಿತ್ತು. 'ನಾನು ನಾನಾಗಿಯೇ ಗೆಲ್ಲುತ್ತೇನೆ' ಎಂದು ನಮ್ಮ ನಾಟಕಗಳಲ್ಲಿ ನಾಯಕ ಎರಡು ಪುಟ ಹೇಳುವುದನ್ನು ಇದು ಬಾಲದಿಂದ ಹೇಳಿತು.

ಅದೇ 1998ರ ಡಿಸೆಂಬರಿನಲ್ಲಿ ಇನ್ನೊಂದು ಆಟ ಬಂತು. ಆಟಗಾರ ಮೈಕಿನಲ್ಲಿ ಮಾತಾಡಬೇಕು, ಪಿಕಾಚು ಕೇಳಿಸಿಕೊಳ್ಳಬೇಕು. ಅದರ ಯಂತ್ರವನ್ನು ಮಕ್ಕಳ ಎಳೆಯ ದನಿಗೆ ಹೊಂದಿಸಿದ್ದರು. ದಪ್ಪ ಗಂಟಲಿನ ದೊಡ್ಡವರು ಏನು ಹೇಳಿದರೂ ಅದಕ್ಕೆ ಸರಿಯಾಗಿ ತಿಳಿಯುತ್ತಿರಲಿಲ್ಲವಂತೆ. ಇದನ್ನು ಕೇಳಿದಾಗ ನನಗಾದ ಸಂತೋಷ ಅಷ್ಟಿಷ್ಟಲ್ಲ. ನಮ್ಮ ಅಧ್ಯಕ್ಷಭಾಷಣಗಳನ್ನೆಲ್ಲ ಆ ಮೈಕಿನ ಮುಂದೆ ಮಾಡಿಸಬೇಕು.

ಮಾತು ಕಲಿತ ರಾಕ್ಷಸನೊಬ್ಬ ಆ ಧಾರಾವಾಹಿಯಲ್ಲೇ ಇದ್ದಾನೆಂಬುದನ್ನು ನನ್ನ ಕಿರಿಯ ಮಿತ್ರರು ಮರೆತಿದ್ದಾರೆ. ಕಳ್ಳರ ತಂಡದ ಬೆಕ್ಕು. ಇಂಗ್ಲಿಷಿನಲ್ಲಿ ಮಿಯೌತ್, ಜಪಾನಿನಲ್ಲಿ ನ್ಯಾಸ್. ಅವನ ಪೂರ್ವಕಥೆಗಾಗಿ ಎಪ್ಪತ್ತೆರಡನೆಯ ಸಂಚಿಕೆಯನ್ನು ಮೀಸಲಿಟ್ಟಿದ್ದಾರೆ. ಜಪಾನೀ ಶೀರ್ಷಿಕೆಯನ್ನು ಕನ್ನಡಿಸಿದರೆ 'ನ್ಯಾಸ್‌ನ ಅ ಆ ಇ ಈ' ಎಂದಾಗುತ್ತದೆ. ಹಸಿದ ಬೀದಿಬೆಕ್ಕು ಒಂದು ಹೆಣ್ಣುಬೆಕ್ಕನ್ನು ಮೆಚ್ಚುತ್ತದೆ. ಅವಳಿಗೆ ಬೆಕ್ಕು ಬೇಡ. ಒಡವೆ ಕೊಡುವ ಮನುಷ್ಯರು ಬೇಕು. ಇವನು ಎರಡು ಕಾಲಿನಲ್ಲಿ ನಡೆಯುವುದನ್ನು ಕಲಿತು, ಬಿದ್ದು ಎದ್ದು ಒಂದೊಂದೇ ಅಕ್ಷರ ಉಚ್ಚರಿಸುವುದನ್ನು ಕಲಿತು, ಅವಳೆದುರು ನಿಂತು ಮಾತಾಡುತ್ತಾನೆ. ಅವಳು ಅವನನ್ನು ವಿಕಾರವೆಂದು ಹಂಗಿಸಿ ಅಟ್ಟುತ್ತಾಳೆ. ಮಾತು ಕಲಿಯಲು ಶಕ್ತಿಯೆಲ್ಲ ವೆಚ್ಚವಾದ್ದರಿಂದ, ಅವನ ಜಾತಿಯ ಬೆಕ್ಕುಗಳಿಗೆ ಸಹಜವಾದ ನಾಣ್ಯವೆರಚುವ ವಿದ್ಯೆಯೂ ಅವನಿಗೆ ಒಲಿಯಲಿಲ್ಲ. ಅಂದಿನಿಂದ ಅವನ ಕೆಲಸ ದ್ವಿಭಾಷಿಯದು: ಬೇರೆ ರಾಕ್ಷಸರು ಏನೆಂದವೆಂದು ಮನುಷ್ಯರಿಗೆ ಹೇಳುವುದು. ಪಿಕಾಚುವಿನ ಕೂಗನ್ನು ಅವನು ಅನುವಾದಿಸುವಾಗೆಲ್ಲ ನಾವು ಮೂಲವನ್ನೂ ಕೇಳಿರುತ್ತೇವೆ, ಅನುವಾದವನ್ನೂ ಕೇಳುತ್ತೇವೆ. ಅನುವಾದ ಎಂದೂ ಪೇಲವ. ಮಾತಿಗೆ ಕೊಟ್ಟ ಬೆಲೆ ಏನೆಂಬುದನ್ನು ಇದಕ್ಕಿಂತ ಕಟುವಾಗಿ ಬರೆದ ಮಕ್ಕಳ ಕಥೆಯನ್ನು ನಾನು ಕಂಡಿಲ್ಲ.

ಇದೆಲ್ಲ ವ್ಯಾಪಾರವಲ್ಲವೆ ಎಂದು ಕೇಳುವವರುಂಟು. ಹೌದು, ವ್ಯಾಪಾರವೇ. ಗೊಂಬೆ, ಬುತ್ತಿಡಬ್ಬಿ, ಇಸ್ಪೀಟಿನಂಥ ಎಲೆ. 1998ರಿಂದ ಜಪಾನಿನ ವಿಮಾನಗಳ ಮೈಮೇಲೂ ಇದರ ಚಿತ್ರ. ವ್ಯಾಪಾರಕ್ಕಾಗಿ ನಡೆದ ಅನ್ಯಾಯವೊಂದನ್ನು ನಾನೇ ಹೇಳುತ್ತೇನೆ. 1997ರ ಡಿಸೆಂಬರ್ 16ರ ಸಂಚಿಕೆಯಲ್ಲಿ ಪಿಕಾಚು ಕ್ಷಿಪಣಿಗಳಿಗೆ ಸಿಡಿಲು ಹೊಡೆದಾಗ ಪರದೆ ಕೆಂಪು ನೀಲಿಯಾಗಿ ಸೆಕೆಂಡಿಗೆ ಹನ್ನೆರಡು ಸಲದಂತೆ ಮಿನುಗಿತು. ಸುಮಾರು 685 ಮಕ್ಕಳು ಆಸ್ಪತ್ರೆಗೆ ಹೋಗಬೇಕಾಯಿತು. ಧಾರಾವಾಹಿ ನಾಲ್ಕು ತಿಂಗಳು ನಿಂತಿತು. ಮತ್ತೆ ಆರಂಭವಾದಾಗ ಪಿಕಾಚು ಮೊದಲಿನಂತೆಯೇ ನಾಯಕ. ಆ ಸಂಚಿಕೆಯ ಅತಿಥಿಯಾಗಿದ್ದ, ಮಿನುಗಿಗೆ ಸಂಬಂಧವೇ ಇಲ್ಲದ ಪೊರಿಗಾನ್ ಎಂಬ ರಾಕ್ಷಸ ಅನಿಮೇಷನ್ನಿನಿಂದ ಹೆಚ್ಚುಕಡಿಮೆ ಗಡೀಪಾರಾದ. ಅವನ ಗೊಂಬೆ ಅಷ್ಟು ಮಾರುತ್ತಿರಲಿಲ್ಲ. ನಾನು ಪಿಕಾಚುವಿನ ವಕೀಲನಾದರೂ ಇದನ್ನು ಮುಚ್ಚಿಡಲಾರೆ. ಆದರೆ ಮಾರಾಟವಾಗುತ್ತದೆಂಬ ಕಾರಣಕ್ಕೆ ಪಾತ್ರ ಪಾತ್ರವಲ್ಲವೆಂದರೆ ಟಿಕೆಟ್ಟು ಹರಿದ ನಾಟಕಗಳನ್ನೆಲ್ಲ ನಾವು ಸಾಹಿತ್ಯದಿಂದ ಹೊರಗೆ ಹಾಕಬೇಕಾದೀತು. ವ್ಯಾಪಾರದ ನಡುವೆಯೂ ಯಾರೋ ಒಬ್ಬಾಕೆ ಮೂರು ಅಕ್ಷರವನ್ನು ಕಾಲು ಶತಮಾನ ಕಾಯ್ದಳು ಎಂಬುದೇ ನನಗೆ ಸೋಜಿಗ.

ಆ ವ್ಯಾಪಾರಿಗಳಿಗೇ ಕೊನೆಗೆ ಅದರ ಬೆಲೆ ತಿಳಿಯದೆ ಹೋಯಿತು ಎಂಬುದು ನನ್ನ ನಿಜವಾದ ಜಗಳ. 2017ರಲ್ಲಿ ಮೊದಲ ಭೇಟಿಯ ಕಥೆಯನ್ನೇ ಮತ್ತೆ ಹೇಳುವ ಚಲನಚಿತ್ರ ತೆಗೆದರು. ಅಪಾಯದ ನಡುವೆ ಸತೋಶಿ ಪಿಕಾಚುವನ್ನು ಚೆಂಡಿನೊಳಗೆ ಹೋಗೆಂದು ಬೇಡುತ್ತಾನೆ, ನಿನಗೇಕೆ ಇದು ಇಷ್ಟವಿಲ್ಲ ಎಂದು ಕೇಳುತ್ತಾನೆ. ಆಗ ಪಿಕಾಚು ಮನುಷ್ಯರ ಮಾತಿನಲ್ಲಿ, ಯಾವಾಗಲೂ ನಿನ್ನ ಜೊತೆಯಲ್ಲಿರಬೇಕೆಂದೇ ಹೀಗೆ ಎಂಬರ್ಥದ ಒಂದು ವಾಕ್ಯ ಹೇಳುತ್ತದೆ. ಅಮೆರಿಕದ ಚಿತ್ರಮಂದಿರಗಳಲ್ಲಿ ಜನ ಹೌಹಾರಿ ಕೂಗಿಕೊಂಡರಂತೆ. ಆ ಕೂಗಿನಲ್ಲೂ ಒಂದು ವಿಮರ್ಶೆಯಿತ್ತು. ಅದು ಹುಡುಗನ ಭ್ರಮೆಯಿರಬಹುದೆಂದು ಸಮರ್ಥಿಸುವವರಿದ್ದಾರೆ. ಇರಲಿ. ಇಪ್ಪತ್ತು ವರ್ಷ ಒಬ್ಬೊಬ್ಬ ಮಗುವೂ ತಾನೇ ಊಹಿಸಿ ಇಟ್ಟುಕೊಂಡಿದ್ದ ಉತ್ತರವನ್ನು ಕಸಿದುಕೊಂಡು, ಎಲ್ಲರಿಗೂ ಒಂದೇ ಅಳತೆಯ ವಾಕ್ಯ ಹಂಚಿದ್ದು ಸರಿಯೆ? ಚೆಂಡು ಬೇಡವೆನ್ನುವುದಕ್ಕೆ ಕಾರಣ ಪ್ರೀತಿಯೊಂದೇ ಎಂದು ಯಾರು ಹೇಳಿದರು? ಅಭಿಮಾನವಿರಬಹುದು, ಕತ್ತಲೆಯ ಭಯವಿರಬಹುದು, ಹಟವಿರಬಹುದು. ಮೂರಕ್ಷರದಲ್ಲಿ ಅವೆಲ್ಲಕ್ಕೂ ಜಾಗವಿತ್ತು. ಆ ಒಂದು ವಾಕ್ಯದಲ್ಲಿ ಒಂದಕ್ಕೇ.

ಇನ್ನು ನನ್ನ ಮಿತ್ರರು ಮೆಚ್ಚಿದ 2019ರ ಹಾಲಿವುಡ್ ಚಿತ್ರ, 'ಡಿಟೆಕ್ಟಿವ್ ಪಿಕಾಚು'. ಜಪಾನಿನಲ್ಲಿ 2016ರಲ್ಲಿ ಬಂದ ಆಟವೊಂದನ್ನು ಆಧರಿಸಿದ್ದು. ಲೋಕದಾದ್ಯಂತ 40 ಕೋಟಿ ಡಾಲರಿಗೂ ಮೀರಿ ಗಳಿಸಿತು. ಪಿಕಾಚುವಿಗೆ ರಯಾನ್ ರೆನಾಲ್ಡ್ಸ್ ಎಂಬ ನಟನ ದನಿ. ಅದು ಕಾಫಿ ಕುಡಿಯುತ್ತದೆ, ಹಾಸ್ಯಚಟಾಕಿ ಹಾರಿಸುತ್ತದೆ, ಒಂದು ಕ್ಷಣ ಬಾಯಿ ಮುಚ್ಚುವುದಿಲ್ಲ. ತಮಾಷೆಯೆಂದರೆ ಆ ಮಾತು ಒಬ್ಬ ಹುಡುಗನಿಗೆ ಮಾತ್ರ ಕೇಳಿಸುತ್ತದೆ. ಉಳಿದವರಿಗೆಲ್ಲ 'ಪಿಕಾ ಪಿಕಾ' ಎಂದೇ ಕೇಳಿಸುತ್ತದೆ, ಅದೂ ಒತಾನಿಯ ಕಂಠದಲ್ಲೇ. ಕೊನೆಗೆ ತಿಳಿಯುವುದೇನು? ಮಾತಾಡುತ್ತಿದ್ದದ್ದು ಪಿಕಾಚುವೇ ಅಲ್ಲ; ಅದರೊಳಗೆ ಸೇರಿಕೊಂಡಿದ್ದ ಹುಡುಗನ ತಂದೆಯ ಮನಸ್ಸು. ತಂದೆ ಹೊರಗೆ ಬಂದೊಡನೆ ಪಿಕಾಚು ಮತ್ತೆ ತನ್ನ ಮೂರು ಅಕ್ಷರಕ್ಕೆ ಮರಳುತ್ತದೆ. ಅಲ್ಲ ಸ್ವಾಮಿ, ಆ ಪಾತ್ರ 'ಬೆಳೆದ' ಚಿತ್ರದಲ್ಲಿ ಆ ಪಾತ್ರವೇ ಇರಲಿಲ್ಲ! ನೂರು ನಿಮಿಷ ನಾವು ನೋಡಿದ್ದು ತೊಗಲಷ್ಟೇ. ಮಾತು ಬರಿಸಬೇಕಾದರೆ ಮೊದಲು ಪಿಕಾಚುವನ್ನು ಖಾಲಿ ಮಾಡಿ ಒಳಗೆ ಒಬ್ಬ ಗಂಡಸನ್ನು ಕೂರಿಸಬೇಕಾಯಿತೆಂಬುದನ್ನು ಚಿತ್ರವೇ ಒಪ್ಪಿಕೊಂಡಿದೆ. ನಾನು ಬೇರೆ ಸಾಕ್ಷಿ ತರಬೇಕಾಗಿಲ್ಲ.

ಧಾರಾವಾಹಿಯವರಿಗೆ ಕಡೆಯವರೆಗೂ ಬುದ್ಧಿ ನೆಟ್ಟಗಿತ್ತು. 2022ರ ನವೆಂಬರಿನಲ್ಲಿ ಸತೋಶಿ ಜಗಜ್ಜಟ್ಟಿಯಾದ. 2023ರ ಮಾರ್ಚ್ 24ರಂದು ಅವನೂ ಪಿಕಾಚುವೂ ಇಪ್ಪತ್ತಾರು ವರ್ಷದ ಆ ಕಥೆಯಿಂದ ಹೊರನಡೆದರು. ಅಂಥ ಬೀಳ್ಕೊಡುಗೆಗೆ ಭಾಷಣ ಇರಬೇಕೆಂದು ಯಾರಿಗಾದರೂ ಅನ್ನಿಸುತ್ತದೆ. ಪಿಕಾಚು ಒಂದು ವಾಕ್ಯವನ್ನೂ ಆಡಲಿಲ್ಲ.

ಆ ದಿನ ರಾತ್ರಿ ಅಕ್ಕನ ಮಗ ದೂರವಾಣಿ ಮಾಡಿದ್ದ. ಈಗ ಅವನಿಗೆ ಕೆಲಸವಿದೆ, ಕನ್ನಡಕ ಬಂದಿದೆ. "ಮಾಮ, ಮುಗೀತು" ಎಂದ. "ಏನೋ?" ಎಂದೆ. ಹೇಳಿದ. ಆಮೇಲೆ ಸ್ವಲ್ಪ ಹೊತ್ತು ಇಬ್ಬರೂ ಸುಮ್ಮನಿದ್ದೆವು. ಟೀವಿ ಆರಿಸಿದ ಸಂಜೆಯ ವಿಷಯವನ್ನು ಅವನು ಎತ್ತಲಿಲ್ಲ, ನಾನು ಎತ್ತಿದೆ. "ಹೂಂ" ಎಂದ. ಕ್ಷಮಿಸಿದ ಹೂಂ ಅದು, ಆದರೆ ಮರೆತಿದ್ದಲ್ಲ.

ಈ ಲೇಖನವನ್ನು ಅಚ್ಚಿಗೆ ಕಳಿಸುವ ಮೊದಲು ಗುರುಗಳಿಗೆ ತೋರಿಸುವುದು ಧರ್ಮವೆಂದು ಹಸ್ತಪ್ರತಿಯನ್ನು ತೆಗೆದುಕೊಂಡು ಅವರ ಮನೆಗೆ ಹೋದೆ. ಜಗಲಿಯಲ್ಲಿ ಕುಳಿತು ಪೂರ್ತಿ ಓದಿದರು. ನಡುವೆ ಒಂದು ಕಾಗುಣಿತದ ತಪ್ಪನ್ನು ಪೆನ್ಸಿಲಿನಿಂದ ಸುತ್ತಿದರು. ಮುಗಿಸಿ, ಕನ್ನಡಕ ತೆಗೆದು ಮಡಿಸಿ, ನನ್ನ ಮುಖ ನೋಡಿ, "ಹೂಂ" ಎಂದರು.

ಇಷ್ಟು ವರ್ಷಗಳಲ್ಲಿ ಅವರ ಎಲ್ಲ ಹೂಂಗಳೂ ನನಗೆ ಪರಿಚಯವಿದ್ದವು. ಇದು ಹೊಸದು. ಅವರನ್ನೇ ಕೇಳೋಣವೆಂದು ಬಾಯಿ ತೆರೆದೆ. ಆಮೇಲೆ ಕೇಳದೆ ಕಾಫಿ ಕುಡಿದು ಎದ್ದು ಬಂದೆ.